ಬಿನೋಲಾದ ಅಡಿಗಲ್ಲು: ರಕ್ಷಣಾ ಸಚಿವರಿಗೆ ಹಾಸನದಿಂದ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ರಕ್ಷಣಾ ಸಚಿವರು,
ಭಾರತ ಸರ್ಕಾರ, ನವದೆಹಲಿ.

ಪ್ರತಿ: ರಕ್ಷಣಾ ಪಡೆಗಳ ಮುಖ್ಯಸ್ಥರು; ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಅಧ್ಯಕ್ಷರು; ಹಾಸನ ಹಾಗೂ ಉಡುಪಿ–ಚಿಕ್ಕಮಗಳೂರು ಕ್ಷೇತ್ರಗಳ ಲೋಕಸಭಾ ಸದಸ್ಯರು.

ವಿಷಯ: ಸೇನೆಯ ಹಿರಿಯ ಅಧಿಕಾರಿಗಳ ಮತ್ತು ರಾಷ್ಟ್ರೀಯ ಭದ್ರತೆಯ ಹೊಣೆ ಹೊತ್ತವರ ಸ್ನಾತಕೋತ್ತರ ಶಿಕ್ಷಣ, ಭಾರತೀಯ ರಾಷ್ಟ್ರೀಯ ರಕ್ಷಣಾ ವಿಶ್ವವಿದ್ಯಾಲಯ ಮಸೂದೆ.

ಮಾನ್ಯರೇ,

ಹರಿಯಾಣದ ಗುರುಗ್ರಾಮ ಜಿಲ್ಲೆಯ ಬಿನೋಲಾದಲ್ಲಿ 2013ರ ಮೇ 23ರಂದು ಆಗಿನ ಪ್ರಧಾನಿ ಮನಮೋಹನ್ ಸಿಂಗ್ ಅವರು ಭಾರತೀಯ ರಾಷ್ಟ್ರೀಯ ರಕ್ಷಣಾ ವಿಶ್ವವಿದ್ಯಾಲಯಕ್ಕೆ ಅಡಿಗಲ್ಲು ಹಾಕಿದರು. ಇನ್ನೂರು ಎಕರೆಗೂ ಮೀರಿದ ಜಾಗವನ್ನು ಅದಕ್ಕೆಂದೇ ಗೊತ್ತುಪಡಿಸಲಾಗಿತ್ತು. 2016ರ ಆಗಸ್ಟ್‌ನಲ್ಲಿ ಕರಡು ಮಸೂದೆಯನ್ನು ಜನರ ಅಭಿಪ್ರಾಯಕ್ಕೆಂದು ಅಂತರ್ಜಾಲದಲ್ಲಿ ಹಾಕಲಾಯಿತು. ಅದು ಇವತ್ತಿಗೂ ಕಾಯ್ದೆಯಾಗಿಲ್ಲ. ಈ ಪತ್ರ ಬರೆಯುತ್ತಿರುವವರು ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ನೆಲೆಸಿರುವ ನಿವೃತ್ತ ಸೇನಾಧಿಕಾರಿಗಳು ಮತ್ತು ಕಾಲೇಜು ಅಧ್ಯಾಪಕರು. ನಮ್ಮ ಸ್ವಂತದ ಅಹವಾಲು ಇದರಲ್ಲಿಲ್ಲ. ದೇಶದ ಯುದ್ಧ-ಶಾಂತಿಯ ನಿರ್ಧಾರ ಮಾಡುವವರು ಯಾರಿಂದ ಕಲಿಯುತ್ತಾರೆ, ಏನು ಕಲಿಯುತ್ತಾರೆ, ಕಲಿತದ್ದನ್ನು ಯಾರು ಪರೀಕ್ಷಿಸುತ್ತಾರೆ ಎಂಬುದು ಮಕ್ಕಳನ್ನು ಸೇನೆಗೆ ಕಳಿಸುವ ಪ್ರತಿ ಊರಿನ ಪ್ರಶ್ನೆ ಎಂದು ನಂಬಿ ಬರೆಯುತ್ತಿದ್ದೇವೆ.

ಈ ವಿಶ್ವವಿದ್ಯಾಲಯದ ಬೇಡಿಕೆಗೆ ಬಲ ಬಂದದ್ದು ಕಾರ್ಗಿಲ್‌ನಿಂದ. 1999ರ ಜುಲೈನಲ್ಲಿ ಕೆ. ಸುಬ್ರಹ್ಮಣ್ಯಂ ಅವರ ಅಧ್ಯಕ್ಷತೆಯಲ್ಲಿ ರಚನೆಯಾದ ಕಾರ್ಗಿಲ್ ಪರಾಮರ್ಶೆ ಸಮಿತಿ, ರಕ್ಷಣಾ ವಿಷಯಗಳಿಗೇ ಮೀಸಲಾದ ವಿಶ್ವವಿದ್ಯಾಲಯ ಬೇಕೆಂದು ಹೇಳಿತು. 2001ರಲ್ಲಿ ಅದಕ್ಕೆಂದೇ ಅವರದೇ ಅಧ್ಯಕ್ಷತೆಯಲ್ಲಿ ಇನ್ನೊಂದು ಸಮಿತಿಯಾಯಿತು. 2010ರ ಮೇ ತಿಂಗಳಲ್ಲಿ ಕೇಂದ್ರ ಸಂಪುಟ ತಾತ್ವಿಕ ಒಪ್ಪಿಗೆ ಕೊಟ್ಟಿತು. ಈ ನಡುವೆ ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಬಂದವು. ಯಾವ ಸರ್ಕಾರವೂ ಬೇಡ ಎನ್ನಲಿಲ್ಲ, ಯಾವ ಸರ್ಕಾರವೂ ಮುಗಿಸಲಿಲ್ಲ. ಕಾರ್ಗಿಲ್ ಹೊತ್ತಿಗೆ ಹೊಸದಾಗಿ ಸೇರಿದ್ದ ಲೆಫ್ಟಿನೆಂಟ್ ಈಗ ಬ್ರಿಗೇಡಿಯರ್ ಆಗುವ ವಯಸ್ಸಿಗೆ ಬಂದಿದ್ದಾರೆ. ಒಂದಿಡೀ ತಲೆಮಾರು ಈ ಕಡತದ ಪಕ್ಕದಲ್ಲೇ ಹಾದುಹೋಗಿದೆ.

ಈಗ ಇರುವ ವ್ಯವಸ್ಥೆ ಕಳಪೆ ಎಂದು ನಾವು ಹೇಳುತ್ತಿಲ್ಲ. ದೆಹಲಿಯ ರಾಷ್ಟ್ರೀಯ ರಕ್ಷಣಾ ಕಾಲೇಜು 1960ರ ಏಪ್ರಿಲ್ 27ರಂದು ನೆಹರೂ ಅವರಿಂದ ಉದ್ಘಾಟನೆಯಾದದ್ದು. ಲಂಡನ್ನಿನ ಇಂಪೀರಿಯಲ್ ಡಿಫೆನ್ಸ್ ಕಾಲೇಜು ಅದಕ್ಕೆ ಮಾದರಿ. 1947ರಲ್ಲಿ ಆ ಲಂಡನ್ ಕಾಲೇಜಿಗೆ ಹೋದ ಮೊದಲ ಭಾರತೀಯರಲ್ಲಿ ನಮ್ಮ ನೆರೆಯ ಕೊಡಗಿನ ಕಾರ್ಯಪ್ಪನವರು ಒಬ್ಬರು. ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ 1933ರಲ್ಲಿ ಸೇರಿದ ಮೊದಲ ಭಾರತೀಯ ಅಧಿಕಾರಿಯೂ ಅವರೇ. ಹಾಗಾಗಿ ಈ ಭಾಗದವರಿಗೆ ಇದು ದೂರದ ವಿಷಯ ಅನ್ನಿಸುವುದಿಲ್ಲ. ದೆಹಲಿಯ ಕೋರ್ಸು 47 ವಾರಗಳದು. ಬ್ರಿಗೇಡಿಯರ್, ಕಮೋಡೋರ್, ಏರ್ ಕಮೋಡೋರ್ ಹಂತದವರ ಜತೆ ಐಎಎಸ್, ಐಪಿಎಸ್, ವಿದೇಶಾಂಗ ಸೇವೆಯವರು, ಮಿತ್ರರಾಷ್ಟ್ರಗಳ ಅಧಿಕಾರಿಗಳು ಒಟ್ಟಿಗೆ ಕೂತು ಸಮಾಜ, ಆರ್ಥಿಕತೆ, ವಿಜ್ಞಾನ, ನೆರೆಹೊರೆ, ಜಗತ್ತಿನ ವಿದ್ಯಮಾನ, ಭದ್ರತೆಯ ನೀತಿ-ರಚನೆಗಳನ್ನು ಓದುತ್ತಾರೆ. ಇದಕ್ಕೂ ಮುಂಚೆ ಮೇಜರ್ ಹಂತದವರಿಗೆ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ ಸ್ಟಾಫ್ ಕಾಲೇಜು, ಕರ್ನಲ್ ಹಂತದವರಿಗೆ ಸಿಕಂದರಾಬಾದಿನ ರಕ್ಷಣಾ ನಿರ್ವಹಣಾ ಕಾಲೇಜು, ಆಯಾ ಪಡೆಗೆ ಮ್ಹೌ, ಗೋವಾ, ಸಿಕಂದರಾಬಾದಿನಲ್ಲಿ ಯುದ್ಧ ಕಾಲೇಜುಗಳು ಇವೆ. ಮೆಟ್ಟಿಲುಗಳು ಇವೆ; ಒಂದಕ್ಕೊಂದು ಕೂಡಿಕೊಂಡಿಲ್ಲ. ವೆಲ್ಲಿಂಗ್ಟನ್‌ನ ಪದವಿಗೆ ಮದ್ರಾಸ್ ವಿಶ್ವವಿದ್ಯಾಲಯ, ಸಿಕಂದರಾಬಾದಿನದಕ್ಕೆ ಉಸ್ಮಾನಿಯಾ. ಎರವಲು ಪದವಿಗಳಲ್ಲೇ ಇಷ್ಟು ದಶಕ ಕಳೆದಿವೆ.

ಈ ಎರವಲಿನ ತೊಡಕು 2022ರಲ್ಲಿ ಬಯಲಾಯಿತು. ಆ ವರ್ಷದ ನವೆಂಬರ್ 7ರ ಯುಜಿಸಿ ನಿಯಮದ ಪ್ರಕಾರ ಯಾವ ಉನ್ನತ ಶಿಕ್ಷಣ ಸಂಸ್ಥೆಯೂ ಎಂ.ಫಿಲ್. (ಸ್ನಾತಕೋತ್ತರ ಪದವಿಗೂ ಪಿಎಚ್.ಡಿ.ಗೂ ನಡುವಿನ ಸಂಶೋಧನಾ ಪದವಿ) ಕೋರ್ಸ್ ನಡೆಸುವಂತಿಲ್ಲ. ದೆಹಲಿಯ ರಕ್ಷಣಾ ಕಾಲೇಜಿನ ವರ್ಷದ ಓದಿಗೆ ಮದ್ರಾಸ್ ವಿಶ್ವವಿದ್ಯಾಲಯ ಕೊಡುತ್ತಿದ್ದದ್ದು ಎಂ.ಫಿಲ್. ಪದವಿಯನ್ನೇ. ಅದರ ಬದಲಿಗೆ ಏನು ಕೊಡಬೇಕು ಎಂಬುದು ಮೇಲ್ನೋಟಕ್ಕೆ ಸಣ್ಣ ಪ್ರಶ್ನೆ. ಆದರೆ ಲೆಕ್ಕ ಹಾಕಿ ನೋಡಿ. ಬ್ರಿಗೇಡಿಯರ್ ಒಬ್ಬರು ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಿಂದ (ಎನ್‌ಡಿಎ) ಬಂದವರಾದರೆ ಅವರ ಕೈಯಲ್ಲಿರುವುದು ಜೆಎನ್‌ಯು ಕೊಟ್ಟ ಮೂರು ವರ್ಷದ ಪದವಿ. ಹೊಸ ಚೌಕಟ್ಟಿನಲ್ಲಿ ಒಂದು ವರ್ಷದ ಸ್ನಾತಕೋತ್ತರ ಪದವಿ ನಾಲ್ಕು ವರ್ಷ ಓದಿದವರಿಗೆ. ಅವರು ವೆಲ್ಲಿಂಗ್ಟನ್‌ನಲ್ಲಿ ಎಂ.ಎಸ್ಸಿ. ಮುಗಿಸಿದ್ದರೆ, ಅದೇ ವಿಷಯದಲ್ಲಿ ಎರಡನೇ ಸ್ನಾತಕೋತ್ತರ ಪದವಿ ಕೊಡುವುದರಲ್ಲಿ ಅರ್ಥವಿಲ್ಲ. ಎರಡು ಕಡೆಯೂ ಇಕ್ಕಟ್ಟು.

ಇದಕ್ಕೆ ದಾರಿ ಅದೇ ನಿಯಮದಲ್ಲೇ ಇದೆ. ಪಿಎಚ್.ಡಿ.ಗೆ ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್ ಬೇಕು. ಉದ್ಯೋಗದಲ್ಲಿರುವವರು ಇಲಾಖೆಯ ಒಪ್ಪಿಗೆ ಪತ್ರದೊಂದಿಗೆ ಅರೆಕಾಲಿಕವಾಗಿ ಸಂಶೋಧನೆ ಮಾಡಬಹುದು. ಕನಿಷ್ಠ ಮೂರು, ಗರಿಷ್ಠ ಆರು ವರ್ಷದ ಅವಧಿ. 47 ವಾರಗಳ ಓದನ್ನು ಆ ಕೋರ್ಸ್‌ವರ್ಕ್ ಎಂದು ಪರಿಗಣಿಸಿದರೆ, ಸಂಶೋಧನೆಯ ಒಲವಿರುವ ಅಧಿಕಾರಿ ಮುಂದಿನ ಹುದ್ದೆಯಲ್ಲಿದ್ದುಕೊಂಡೇ ಪಿಎಚ್.ಡಿ. ಮುಗಿಸಬಹುದು. ಒಲವಿಲ್ಲದವರಿಗೆ ರಾಷ್ಟ್ರೀಯ ಭದ್ರತಾ ನೀತಿಯಲ್ಲಿ ಬೇರೆಯೇ ಸ್ನಾತಕೋತ್ತರ ಪದವಿ ಸಾಕು. ಅದಕ್ಕೆ ವೆಲ್ಲಿಂಗ್ಟನ್‌ನ ಕ್ರೆಡಿಟ್‌ಗಳನ್ನು 2021ರಲ್ಲಿ ಶುರುವಾದ, ಒಂದು ಸಂಸ್ಥೆಯಲ್ಲಿ ಗಳಿಸಿದ ಕ್ರೆಡಿಟ್‌ಗಳನ್ನು ಇನ್ನೊಂದರಲ್ಲಿ ಬಳಸಲು ಕೂಡಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಮೂಲಕ ವರ್ಗಾಯಿಸಿಕೊಳ್ಳಬೇಕು. ಇದಕ್ಕೆ ಸಂಸತ್ತಿನ ಕಾಯ್ದೆ ಬೇಕಿಲ್ಲ. ರಕ್ಷಣೆ ಮತ್ತು ಶಿಕ್ಷಣ, ಈ ಎರಡು ಸಚಿವಾಲಯಗಳು ಕೂತು ಮಾತಾಡಿದರೆ ಸಾಕು.

ಪದವಿಗಿಂತ ದೊಡ್ಡ ಚಿಂತೆ ಮೇಷ್ಟ್ರುಗಳದ್ದು. ರಕ್ಷಣಾ ಕಾಲೇಜಿನಲ್ಲಿ ಓದನ್ನು ನಡೆಸುವ ಹಿರಿಯ ನಿರ್ದೇಶಕ ಸಿಬ್ಬಂದಿ ಮೂರು ಪಡೆಗಳಿಂದ, ಆಡಳಿತ ಮತ್ತು ವಿದೇಶಾಂಗ ಸೇವೆಗಳಿಂದ ಬಂದ ಸೇವಾನಿರತ ಅಧಿಕಾರಿಗಳು. ಅನುಭವದಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೆ ವರ್ಗಾವಣೆ ಮೇಲೆ ಬಂದು ವರ್ಗಾವಣೆ ಮೇಲೆ ಹೋಗುವವರು ಅವರು. ಒಂದು ಪಠ್ಯವನ್ನು ಕಟ್ಟಿ, ಕಲಿಸಿ, ಎಲ್ಲಿ ಎಡವಿತು ಎಂದು ನೋಡಿ, ತಿದ್ದಿ, ಮತ್ತೆ ಕಲಿಸುವುದಕ್ಕೆ ಕನಿಷ್ಠ ನಾಲ್ಕೈದು ವರ್ಷ ಬೇಕು. ಹೊರಗಿನಿಂದ ಬರುವ ಉಪನ್ಯಾಸಕರು ಎಷ್ಟೇ ದೊಡ್ಡವರಾಗಿರಲಿ, ಒಂದು ಗಂಟೆ ಮಾತಾಡಿ, ಪ್ರಶ್ನೆಗಳಿಗೆ ಉತ್ತರ ಕೊಟ್ಟು ಹೋಗುತ್ತಾರೆ. ಹಿಂದಿನ ವಾರ ಬಂದವರು ಏನು ಹೇಳಿದರು ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಕೇಳುವವರ ಟಿಪ್ಪಣಿ ಪುಸ್ತಕ ತುಂಬುತ್ತದೆ. ಒಂದು ವಾದವನ್ನು ಹಿಡಿದು ಕೊನೆಯವರೆಗೆ ಜಗ್ಗುವ ಅಭ್ಯಾಸ ಬರುವುದಿಲ್ಲ. ಅದು ಬರುವುದು ಸಣ್ಣ ಗುಂಪಿನಲ್ಲಿ. ಹನ್ನೆರಡು ಹದಿನಾಲ್ಕು ಜನ, ಇಬ್ಬರು ಅಧ್ಯಾಪಕರು. ಒಬ್ಬರು ಸಮವಸ್ತ್ರದವರು, ಇನ್ನೊಬ್ಬರು ಇತಿಹಾಸವನ್ನೋ ಅರ್ಥಶಾಸ್ತ್ರವನ್ನೋ ಜೀವಮಾನವಿಡೀ ಕಲಿಸಿದವರು. ಪ್ರತಿ ಕೂಟಕ್ಕೆ ಎಂಬತ್ತು ನೂರು ಪುಟ ಓದಿ ಬರಬೇಕು. ಓದದೆ ಬಂದವರು ಹತ್ತು ನಿಮಿಷದಲ್ಲಿ ಗೊತ್ತಾಗಿಬಿಡುತ್ತಾರೆ, ಅವರ ಭುಜದ ಮೇಲೆ ಏನೇ ಇರಲಿ.

ಪ್ರಬಂಧದ ಬಗ್ಗೆಯೂ ಹೀಗೇ. ಇಂಥ ಕೋರ್ಸುಗಳ ಪ್ರಬಂಧ ಕೆಡುವುದು ಮೂರು ಕಡೆ. ವಿಷಯ ವಿಪರೀತ ದೊಡ್ಡದಾಗಿರುತ್ತದೆ: ‘ಹಿಂದೂ ಮಹಾಸಾಗರದಲ್ಲಿ ಚೀನಾ’ ಎಂಬಂಥದ್ದು. ಪ್ರಶ್ನಾವಳಿಯನ್ನು ಜತೆಗೆ ಓದುವವರಿಗೇ ಹಂಚಿ, ಅವರ ಅಭಿಪ್ರಾಯವನ್ನೇ ಪುರಾವೆ ಎಂದು ಬರೆಯುವುದು ಎರಡನೆಯದು. ಮೂರನೆಯದು, ಬರವಣಿಗೆ ಕೊನೆಯ ಎರಡು ತಿಂಗಳಿಗೆ ಉಳಿಯುವುದು. ಆರನೇ ವಾರಕ್ಕೆ ವಿಷಯ, ಹತ್ತನೇ ವಾರಕ್ಕೆ ಎರಡು ಪುಟದ ಪ್ರಸ್ತಾವ, ಇಪ್ಪತ್ತರೊಳಗೆ ಕಡತ ಮತ್ತು ಕ್ಷೇತ್ರಕಾರ್ಯ, ಮೂವತ್ತನಾಲ್ಕಕ್ಕೆ ಕರಡು, ನಲವತ್ತೆರಡಕ್ಕೆ ಹೊರಗಿನ ಪರೀಕ್ಷಕರ ಮುಂದೆ ಮೌಖಿಕ ಪರೀಕ್ಷೆ. ಈ ವೇಳಾಪಟ್ಟಿಯನ್ನು ಬಿಗಿಯಾಗಿ ಹಿಡಿದರೆ ಅರ್ಧ ರೋಗ ವಾಸಿಯಾಗುತ್ತದೆ. ಉಳಿದರ್ಧ ವಾಸಿಯಾಗುವುದು ‘ಇದು ಸಾಲದು, ಮತ್ತೆ ಬರೆಯಿರಿ’ ಎಂದು ಬ್ರಿಗೇಡಿಯರ್ ಒಬ್ಬರಿಗೆ ಹೇಳುವ ಅಧಿಕಾರ ಮೇಷ್ಟ್ರಿಗೆ ಇದ್ದಾಗ. ಆ ಅಧಿಕಾರ ಬರುವುದು ಸ್ವಾಯತ್ತ ವಿಶ್ವವಿದ್ಯಾಲಯದ ಕಾಯ್ದೆಯಿಂದ.

ಅಧ್ಯಯನ ಪ್ರವಾಸದ ಮಾತಿಗೆ ಬರುತ್ತೇವೆ. ಕೋರ್ಸಿನ ಅಂಗವಾಗಿ ಅಧಿಕಾರಿಗಳು ತಂಡ ತಂಡವಾಗಿ ರಾಜ್ಯಗಳಿಗೆ ಹೋಗಿ ಸಾಮಾಜಿಕ, ಆರ್ಥಿಕ ಸ್ಥಿತಿ ನೋಡಿ ಬರುತ್ತಾರೆ. ಇದು ನಿಜಕ್ಕೂ ಒಳ್ಳೆಯ ಪದ್ಧತಿ. ಕೈಯಲ್ಲಿ ಒಂದು ಪ್ರಶ್ನೆ ಇಲ್ಲದೆ ಹೊರಟರೆ ಮಾತ್ರ ಅದು ಸ್ಲೈಡ್ ಪ್ರದರ್ಶನ, ಊಟ, ಗುಂಪು ಫೋಟೊಗೆ ಮುಗಿದುಹೋಗುತ್ತದೆ. ಪ್ರಶ್ನೆ ಹೇಗಿರಬೇಕು ಎಂಬುದಕ್ಕೆ ನಮ್ಮ ಎರಡು ಜಿಲ್ಲೆಗಳನ್ನೇ ತೆಗೆದುಕೊಂಡು ಒಂದು ಪಾಠ ಕಟ್ಟಿ ತೋರಿಸುತ್ತೇವೆ.

ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. 1982ರಿಂದ ಕೆಲಸ ಮಾಡುತ್ತಿದೆ. ನೌಕಾಪಡೆಗಾಗಿ 2013ರ ಆಗಸ್ಟ್ 30ರಂದು ಹಾರಿದ ಜಿಸ್ಯಾಟ್-7 ಉಪಗ್ರಹವನ್ನು ಇಲ್ಲಿಂದಲೇ ಹಂತ ಹಂತವಾಗಿ ಕಕ್ಷೆಗೆ ಏರಿಸಿದರು. ಮಂಗಳೂರಿನಿಂದ ಬೆಂಗಳೂರಿಗೆ ಪೆಟ್ರೋಲ್, ಡೀಸೆಲ್ ಒಯ್ಯುವ ಕೊಳವೆ ಮಾರ್ಗ ಹಾಸನದ ಮೂಲಕ ಹೋಗುತ್ತದೆ. ಅದರ ಆ ತುದಿಯ ಮಂಗಳೂರಿನಲ್ಲೇ ಬಂಡೆ ಕೊರೆದು ಮಾಡಿದ, 15 ಲಕ್ಷ ಟನ್ ಕಚ್ಚಾತೈಲದ ತುರ್ತು ಸಂಗ್ರಹಾಗಾರವಿದೆ. ಕರಾವಳಿಗೂ ಒಳನಾಡಿಗೂ ನಡುವೆ ಇರುವುದು ಶಿರಾಡಿ ಘಾಟಿ, ಅದರ ಆಸುಪಾಸಿನಲ್ಲೇ ಸಕಲೇಶಪುರ–ಸುಬ್ರಹ್ಮಣ್ಯ ರೈಲು ಹಳಿ. ಮಳೆಗಾಲದಲ್ಲಿ ಎರಡೂ ಕುಸಿತಕ್ಕೆ ಸಿಗುವಂಥವು. ಚಿಕ್ಕಮಗಳೂರಿನ ಕಡೆಯ ಚಾರ್ಮಾಡಿ ಘಾಟಿ ದೊಡ್ಡ ಲಾರಿಗಳಿಗೆ ಹೇಳಿಮಾಡಿಸಿದ್ದಲ್ಲ.

ಈಗ ಪಾಠ. ಜುಲೈ ಎರಡನೇ ವಾರ. ದೋಣಿಗಾಲ್ ಬಳಿ ಗುಡ್ಡ ಜರಿದು ಹೆದ್ದಾರಿ ಬಂದ್. ಹಳಿಯ ಮೇಲೂ ಮಣ್ಣು. ಅದೇ ವಾರ ಕೆಂಪು ಸಮುದ್ರದಲ್ಲಿ ಸರಕು ಹಡಗಿನ ಮೇಲೆ ದಾಳಿಯಾಗಿ, ಯುರೋಪಿಗೆ ಹೋಗುವ ಹಡಗುಗಳು ಆಫ್ರಿಕಾ ಸುತ್ತಿ ಹೋಗಲು ತೀರ್ಮಾನಿಸಿವೆ. ಪಯಣಕ್ಕೆ ಹತ್ತು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಸೇರುತ್ತದೆ. ಮೂರನೇ ದಿನ ನೌಕಾಪಡೆಯ ಉಪಗ್ರಹ ಸಂಪರ್ಕದಲ್ಲಿ ಅಡಚಣೆ. ಯಂತ್ರದ ದೋಷವೋ ಯಾರಾದರೂ ಮಾಡಿದ್ದೋ ಗೊತ್ತಿಲ್ಲ. ಹಾಸನದ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಮಾಲು ನಿಂತಿದೆ. ಇಪ್ಪತ್ತು ಅಡಿಯ ಒಂದು ಕಂಟೈನರಿಗೆ ಅರವತ್ತು ಕೆ.ಜಿ.ಯ 320 ಚೀಲ, ಅಂದರೆ 19.2 ಟನ್. ಮಳೆಗಾಲದ ತೇವದಲ್ಲಿ ನಿಂತ ಮಾಲಿಗೆ ಬಣ್ಣ ಹೋಗುತ್ತದೆ, ಬಣ್ಣ ಹೋದ ಕಾಫಿಗೆ ದರ ಹೋಗುತ್ತದೆ. ಬೆಳೆಗಾರನ ಸಾಲದ ಕಂತಿಗೆ ಕೆಂಪು ಸಮುದ್ರದ ನೆಪ ನಡೆಯುವುದಿಲ್ಲ.

ಮೇಜಿನ ಸುತ್ತ ಐವರು. ಬ್ರಿಗೇಡಿಯರ್‌ಗೆ ಪ್ರಶ್ನೆ: ಜಿಲ್ಲಾಡಳಿತ ಸೇನೆಯ ನೆರವು ಕೇಳಿದೆ, ಯಾವ ಘಟಕ, ಎಷ್ಟು ದಿನ, ಮಣ್ಣು ತೆಗೆದ ಮೇಲೆ ಗುಡ್ಡ ಮತ್ತೆ ಜರಿದರೆ ಯಾರ ಹೊಣೆ? ಕಮೋಡೋರ್‌ಗೆ: ಇರುವ ಯುದ್ಧನೌಕೆಗಳಲ್ಲಿ ಎಷ್ಟನ್ನು ಸರಕು ಹಡಗುಗಳ ಬೆಂಗಾವಲಿಗೆ ಕಳಿಸುತ್ತೀರಿ, ಯಾವ ಕಡಲನ್ನು ಬರಿದು ಬಿಡುತ್ತೀರಿ? ವಿದೇಶಾಂಗ ಸೇವೆಯವರಿಗೆ: ಉಪಗ್ರಹದ ಅಡಚಣೆಯನ್ನು ಬಹಿರಂಗವಾಗಿ ಹೇಳಬೇಕೇ, ಪುರಾವೆ ಎಷ್ಟಿದ್ದರೆ ಹೇಳಬೇಕು? ಐಎಎಸ್ ಅಧಿಕಾರಿಗೆ: ಕೊಳವೆಯಲ್ಲಿ ತೈಲ ಬರುತ್ತಿದೆ, ಆದರೆ ಕರಾವಳಿಯಿಂದ ಬರಬೇಕಾದ ಅಡುಗೆ ಅನಿಲದ ಬುಲೆಟ್ ಟ್ಯಾಂಕರ್‌ಗಳು ಘಾಟಿಯ ಕೆಳಗೆ ಸಾಲುಗಟ್ಟಿವೆ, ಮೊದಲು ಯಾವ ವಾಹನ ಬಿಡುತ್ತೀರಿ? ಪೊಲೀಸ್ ಅಧಿಕಾರಿಗೆ: ಹಾಸನದ ಇಸ್ರೋ ಕೇಂದ್ರದ ಮೇಲೆ ದಾಳಿಯಾಗಿದೆ ಎಂಬ ಸುಳ್ಳು ವಾಟ್ಸ್‌ಆ್ಯಪ್‌ನಲ್ಲಿ ಕನ್ನಡದಲ್ಲಿ ಹರಿದಾಡುತ್ತಿದೆ, ಇಂಗ್ಲಿಷ್ ಪ್ರಕಟಣೆಯಿಂದ ಅದನ್ನು ತಡೆಯುತ್ತೀರಾ? ಪ್ರತಿಯೊಬ್ಬರೂ ಸಂಜೆಯೊಳಗೆ 1,500 ಪದಗಳ ನಿರ್ಣಯ ಟಿಪ್ಪಣಿ ಬರೆಯಬೇಕು. ಮರುದಿನ ಪರಸ್ಪರರ ಟಿಪ್ಪಣಿ ಓದಿ ತಪ್ಪು ಹುಡುಕಬೇಕು. ಐದೂ ಟಿಪ್ಪಣಿ ಪಕ್ಕಪಕ್ಕ ಇಟ್ಟರೆ ಎತ್ತು ಏರಿಗೆ, ಕೋಣ ನೀರಿಗೆ ಎಳೆದಿರುವುದು ಕಣ್ಣಿಗೇ ಕಾಣುತ್ತದೆ. ಮೂರೂ ಪಡೆಗಳನ್ನು ಒಬ್ಬರ ಕೈಕೆಳಗೆ ತರುವ ಜಂಟಿ ಕಮಾಂಡ್‌ಗಳ ಮಾತು ಬಂದಿರುವ ಈ ಹೊತ್ತಿನಲ್ಲಿ ಅದನ್ನು ತರಗತಿಯಲ್ಲೇ ಕಂಡು ತಿದ್ದಿಕೊಳ್ಳಬೇಕು. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದು ನಮ್ಮ ಹಿರಿಯರು ಆಡಿಕೊಳ್ಳುತ್ತಿದ್ದದ್ದು ಇದನ್ನೇ.

ಹೊರದೇಶಗಳ ಮಾತು ಹೆಚ್ಚು ಬೇಡ. ಅಮೆರಿಕ 1986ರ ಗೋಲ್ಡ್‌ವಾಟರ್–ನಿಕೋಲ್ಸ್ ಕಾಯ್ದೆಯ ಮೂಲಕ ಜಂಟಿ ಶಿಕ್ಷಣವನ್ನು ಅಧಿಕಾರಿಗಳ ಬಡ್ತಿಯ ಜತೆ ಕಾನೂನಿನಲ್ಲೇ ಕಟ್ಟಿಹಾಕಿತು. ಚೀನಾದ ರಾಷ್ಟ್ರೀಯ ರಕ್ಷಣಾ ವಿಶ್ವವಿದ್ಯಾಲಯ 1985ರದು, ಪಾಕಿಸ್ತಾನದ್ದು 2007ರದು. ನಾವಿನ್ನೂ ಮಸೂದೆಯಲ್ಲಿದ್ದೇವೆ.

ಆ ಮಸೂದೆಯ ಹಂದರ ಚೆನ್ನಾಗಿಯೇ ಇತ್ತು ಎಂಬುದು ನಮ್ಮ ಅಭಿಪ್ರಾಯ. ಸರ್ಕಾರವೇ ಆಗ ತಿಳಿಸಿದಂತೆ ವಿದ್ಯಾರ್ಥಿಗಳಲ್ಲಿ ಶೇ 66 ಸಶಸ್ತ್ರ ಪಡೆಗಳವರು, ಶೇ 34 ಇತರ ಸರ್ಕಾರಿ ಸಂಸ್ಥೆಗಳು, ಪೊಲೀಸರು ಮತ್ತು ನಾಗರಿಕರು. ಆ ಮೂರನೇ ಒಂದು ಪಾಲು ದೆಹಲಿ, ಮುಂಬೈಗಳಲ್ಲೇ ಖರ್ಚಾಗಬಾರದು. ಹಾಸನದ ಹೇಮಗಂಗೋತ್ರಿಯಲ್ಲೋ ಚಿಕ್ಕಮಗಳೂರಿನ ಪದವಿ ಕಾಲೇಜಿನಲ್ಲೋ ಅಂತರರಾಷ್ಟ್ರೀಯ ಸಂಬಂಧ ಕಲಿಸುವ ಅಧ್ಯಾಪಕರಿಗೂ ಅಲ್ಲಿ ಕೂರುವ ಅವಕಾಶ ಇರಬೇಕು. ಸೇನೆಗೆ ಸಂಶೋಧಕರು ಬೇಕು, ಸಂಶೋಧಕರಿಗೆ ಸೇನೆಯ ಒಳಗಿನ ತಿಳಿವಳಿಕೆ ಬೇಕು; ಇಬ್ಬರೂ ಸಿಗುವ ಜಾಗ ಈಗ ತೀರಾ ಕಡಿಮೆ.

ಕನ್ನಡದ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಸ್ಟ್ರಾಟೆಜಿಗೂ ತಂತ್ರ, ಟ್ಯಾಕ್ಟಿಕ್ಸ್‌ಗೂ ತಂತ್ರ ಎಂದು ನಮ್ಮಲ್ಲಿ ಬರೆಯುತ್ತಾರೆ. ಸೇಫ್ಟಿಗೂ ಸುರಕ್ಷತೆ, ಸೆಕ್ಯೂರಿಟಿಗೂ ಸುರಕ್ಷತೆ. ಒಂದು ಗುಡ್ಡವನ್ನು ಹಿಡಿಯುವ ಉಪಾಯಕ್ಕೂ, ಆ ಗುಡ್ಡ ನಮಗೆ ಬೇಕೇ ಎಂದು ತೀರ್ಮಾನಿಸುವ ನೀತಿಗೂ ಒಂದೇ ಪದವಾದರೆ ಓದುಗ ಎರಡರ ವ್ಯತ್ಯಾಸ ಹೇಗೆ ಹಿಡಿಯಬೇಕು? ಗೌಪ್ಯವಲ್ಲದ ಪ್ರಬಂಧಗಳ ಸಾರಾಂಶವನ್ನು ಕನ್ನಡವೂ ಸೇರಿದಂತೆ ರಾಜ್ಯಗಳ ಭಾಷೆಗಳಲ್ಲಿ ಪ್ರಕಟಿಸಿದರೆ, ಅದರ ಜತೆ ಒಂದು ಪದಕೋಶ ತಂದರೆ, ಪರಿಭಾಷೆ ತಾನಾಗಿ ಬೆಳೆಯುತ್ತದೆ. ಸಾರಾಂಶ ನಾಲ್ಕು ಪುಟ ಇದ್ದರೂ ಸಾಕು. ಅನುವಾದಕ್ಕೆ ಕೈಜೋಡಿಸುವ ಅಧ್ಯಾಪಕರು ಈ ಜಿಲ್ಲೆಗಳಲ್ಲಿದ್ದಾರೆ.

ಮಾನ್ಯ ಸಚಿವರೇ, ನಮ್ಮ ಕೋರಿಕೆಗಳು ಇವು. ಮಸೂದೆ ಈಗ ಯಾವ ಹಂತದಲ್ಲಿದೆ, ಯಾವ ಆಕ್ಷೇಪಕ್ಕೆ ನಿಂತಿದೆ ಎಂಬುದನ್ನು ಸಂಸತ್ತಿನ ಮುಂದಿಡಿ. ಅದನ್ನು ಕೈಬಿಡುವ ತೀರ್ಮಾನವಾಗಿದ್ದರೆ ಹಾಗೆಂದು ಹೇಳಿ, ಬದಲಿ ವ್ಯವಸ್ಥೆ ಏನೆಂದು ತಿಳಿಸಿ. ಕಾಯ್ದೆ ಬರುವವರೆಗೆ ಕಾಯದೆ, ಪ್ರಮುಖ ವಿಷಯಗಳಿಗೆ ಕನಿಷ್ಠ ಐದು ವರ್ಷದ ಅವಧಿಯ ನಾಗರಿಕ ಪ್ರಾಧ್ಯಾಪಕರನ್ನು ನೇಮಿಸಿ. ಎಂ.ಫಿಲ್. ನಿಂತ ಮೇಲಿನ ಪದವಿಯ ಗೊಂದಲವನ್ನು ಯುಜಿಸಿ ಜತೆ ಕೂತು ಬಗೆಹರಿಸಿ, ಕ್ರೆಡಿಟ್ ವರ್ಗಾವಣೆಗೆ ಲಿಖಿತ ಆದೇಶ ಹೊರಡಿಸಿ. ವರ್ಷದ ಓದು ಮುಗಿಸಿದವರನ್ನು ಅವರ ಪ್ರಬಂಧದ ವಿಷಯಕ್ಕೆ ಹತ್ತಿರದ ಹುದ್ದೆಗೆ ಹಾಕಿ. ಕಡಲ ವ್ಯಾಪಾರದ ಮೇಲೆ ಬರೆದವರು ಅದಕ್ಕೆ ಸಂಬಂಧವೇ ಇಲ್ಲದ ಕಚೇರಿಗೆ ಹೋದರೆ 47 ವಾರದ ಖರ್ಚು ನೀರಿನಲ್ಲಿ ಹೋಮ ಮಾಡಿದಂತೆ.

ಕೊನೆಯದಾಗಿ, ಮುಂದಿನ ಸಲ ಅಧ್ಯಯನ ಪ್ರವಾಸದ ತಂಡ ಕರ್ನಾಟಕಕ್ಕೆ ಬಂದಾಗ ಬೆಂಗಳೂರಿಗೇ ನಿಲ್ಲದೆ ಎರಡು ದಿನ ಈ ಕಡೆಗೆ ಕಳಿಸಿಕೊಡಿ. ಜುಲೈ ತಿಂಗಳಾದರೆ ಇನ್ನೂ ಒಳ್ಳೆಯದು. ಶಿರಾಡಿ ಘಾಟಿಯನ್ನು ಮಳೆಯಲ್ಲೇ ನೋಡಬೇಕು. ಮೇಲೆ ಹೇಳಿದ ಪಾಠದ ನಕ್ಷೆ, ಓದಬೇಕಾದ ಪುಟಗಳು, ಪ್ರಶ್ನೆಗಳನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಸಿದ್ಧಪಡಿಸಿಕೊಡುವುದು ನಮ್ಮ ಹೊಣೆ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,

ಇತಿ ತಮ್ಮ ವಿಶ್ವಾಸಿಗಳು,
ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ನಿವೃತ್ತ ಸೇನಾಧಿಕಾರಿಗಳು ಹಾಗೂ ಅಧ್ಯಾಪಕರು
ಹಾಸನ